ಮೈಕು ಮೊದಲು ಬಂತು

ಗೌರಿ ಹಬ್ಬ ಕಳೆದು ಒಂದೆರಡು ವಾರವಾಗಿರಬೇಕು. ತುರ್ತುಪರಿಸ್ಥಿತಿ ಬಂದು ವರ್ಷ ದಾಟಿತ್ತು. ಹುಣಸೂರಿನ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ನನ್ನ ಪ್ರೆಸ್ಸಿಗೆ ಒಂದು ಮಧ್ಯಾಹ್ನ ಆಳುವ ಪಕ್ಷದ ನಮ್ಮೂರ ಮುಖಂಡರ ಕಡೆಯವನೊಬ್ಬ ಬಂದ. ಮಡಿಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, "ಫೈಲ್ ಕಾಪಿ ಸಾಕಂತೆ ಸಾರ್" ಎಂದ.

ಪತ್ರಿಕೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ನನ್ನದು ನಾಲ್ಕು ಪುಟದ ವಾರಪತ್ರಿಕೆ. ಸಂಪಾದಕ, ಮುದ್ರಕ, ಪ್ರಕಾಶಕ ಮೂರೂ ನಾನೇ. ಕಸ ಗುಡಿಸುವವನೂ ಬಹುಪಾಲು ನಾನೇ. ಇಂಥ ಪತ್ರಿಕೆಗಳ ಹೊಟ್ಟೆ ತುಂಬುವುದು ಕಚೇರಿ ನೋಟೀಸುಗಳಿಂದ. ಇಂಥ ಜಮೀನಿನ ವಿಷಯದಲ್ಲಿ ತಕರಾರು ಇದ್ದವರು ಇಷ್ಟು ದಿನದೊಳಗೆ ಬಂದು ಹೇಳಿಕೊಳ್ಳಿ ಎಂದು ಪತ್ರಿಕೆಯಲ್ಲಿ ಸಾರಬೇಕೆಂಬುದು ಕಾನೂನು. ಆದರೆ ಸಾರಿದ್ದು ಯಾರಿಗೂ ಕೇಳಬಾರದು ಎಂಬ ಆಸೆ ಇದ್ದವರಿಗೂ ನಮ್ಮ ಕಸುಬಿನಲ್ಲಿ ದಾರಿಯಿತ್ತು. ಪುಟವನ್ನು ಯಂತ್ರಕ್ಕೆ ಹಾಕಿ, ನೋಟೀಸು ಇರುವ ಹಾಗೆ ಒಂದು ಹಿಡಿ ಪ್ರತಿ ಹೊಡೆಯುವುದು. ಆಮೇಲೆ ಯಂತ್ರ ನಿಲ್ಲಿಸಿ, ಪುಟದ ಚೌಕಟ್ಟು ಸಡಿಲಿಸಿ, ನೋಟೀಸಿನ ಅಚ್ಚಿನ ಮೊಳೆಗಳನ್ನು ಎತ್ತಿಟ್ಟು, ಆ ಜಾಗದಲ್ಲಿ ನೆಗಡಿಗೆ ಮನೆಮದ್ದನ್ನೋ ಯಾರದೋ ಭಾವಗೀತೆಯನ್ನೋ ಕೂರಿಸಿ ಉಳಿದ ಪ್ರತಿಗಳನ್ನು ಹೊಡೆಯುವುದು. ಆ ಒಂದು ಹಿಡಿ ಪ್ರತಿ ಕಚೇರಿಯ ಫೈಲಿಗೆ ಹೋಗುತ್ತದೆ, ಊರಿಗೆ ಹೋಗುವುದು ಮನೆಮದ್ದು. ಅದಕ್ಕೇ ಫೈಲ್ ಕಾಪಿ ಎಂದು ಹೆಸರು. ಜಿಲ್ಲೆಯ ಸಣ್ಣ ಪತ್ರಿಕೆಗಳೆಲ್ಲ ಮಾಡುತ್ತಿದ್ದವು, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ನಾನೂ ಮಾಡಿದ್ದುಂಟು.

ಹಾಳೆ ಬಿಡಿಸಿ ಓದಿದೆ. ಜಮೀನು ವೀರನಹೊಸಹಳ್ಳಿಯ ಆಚೆ, ಕಾಡಿನ ಅಂಚಿನದು. ನಾಲ್ಕು ದಿಕ್ಕಿನ ಎಲ್ಲೆಯ ಚಕ್ಕುಬಂದಿ ಕಾಣಿಸಿ, ಇದರಲ್ಲಿ ಯಾರಿಗಾದರೂ ಹಕ್ಕು ಅಥವಾ ಸ್ವಾಧೀನವಿದ್ದರೆ ಒಂದು ತಿಂಗಳೊಳಗೆ ಹಾಜರಾಗತಕ್ಕದ್ದು, ತಪ್ಪಿದರೆ ಯಾರ ಹಕ್ಕೂ ಇಲ್ಲವೆಂದು ತಿಳಿದು ಜಮೀನನ್ನು ಕೂಡು ಬೇಸಾಯದ ಸಂಘಕ್ಕೆ ಗುತ್ತಿಗೆ ಕೊಡಲಾಗುವುದು ಎಂದಿತ್ತು. ಸಂಘದ ಅಧ್ಯಕ್ಷರು ಯಾರೆಂದು ಬರೆದಿರಲಿಲ್ಲ. ಮುಖಂಡರೇ ಎಂದು ನಮ್ಮ ಕಡೆ ಬರೆದು ಹೇಳಬೇಕಾದ್ದೂ ಇರಲಿಲ್ಲ. ಆ ಜಾಗದಲ್ಲಿ ಗುಡಿಸಲುಗಳ ಒಂದು ಹಾಡಿ ಇತ್ತು, ಜೇನುಕುರುಬರದು. ಹಿಂದಿನ ವರ್ಷ ಆನೆ ತುಳಿದ ಸುದ್ದಿ ಬರೆಯಲು ಹೋಗಿದ್ದವನು ಅವರ ರಾಗಿ ಹೊಲದ ಬದುವಿನ ಮೇಲೇ ನಡೆದಿದ್ದೆ.

ಆಗಿನ ಕಾಲದಲ್ಲಿ ನಾವು ಏನು ಹೊಡೆಯುವುದಕ್ಕೂ ಮೊದಲು ಪುಟದ ಕರಡನ್ನು ಬಸ್ಸಿನ ಕಂಡಕ್ಟರ್ ಕೈಲಿ ಮೈಸೂರಿಗೆ ಕಳಿಸಬೇಕಿತ್ತು. ಅಲ್ಲಿ ಪರಿಶೀಲನೆಗೆ ಕೂತ ಅಧಿಕಾರಿ ಕೆಂಪು ಪೆನ್ಸಿಲಿನಲ್ಲಿ ಗೀಚಿ, ಮೊಹರು ಒತ್ತಿ, ಸಂಜೆ ಬಸ್ಸಿಗೆ ವಾಪಸು ಕಳಿಸುತ್ತಿದ್ದರು. ಸೀಮೆಎಣ್ಣೆ ಸರದಿ ಉದ್ದವಿತ್ತು ಎಂದು ಬರೆದರೆ ಗೀಟು, ಬಿಳಿಕೆರೆಯ ಹತ್ತಿರ ರಸ್ತೆ ಹಾಳಾಗಿದೆ ಎಂದರೆ ಗೀಟು. ವರ್ಷವೊಂದರಲ್ಲಿ ನನ್ನ ಪತ್ರಿಕೆ ಮದುವೆ ಕರೆಯೋಲೆಯಷ್ಟು ಸೌಮ್ಯವಾಗಿತ್ತು. ಆದರೆ ಕಚೇರಿ ನೋಟೀಸಿಗೆ ಮೊಹರು ಬೇಡ, ಅದು ಸರ್ಕಾರದ್ದೇ ಮಾತು. ಕರಡು ಕಳಿಸುವಾಗ ಆ ಜಾಗದಲ್ಲಿ ಬರೀ 'ನೋಟೀಸು' ಎಂದು ಬರೆದರೆ ಸಾಕಾಗುತ್ತಿತ್ತು.

ಗುರುವಾರ ನೋಟೀಸಿದ್ದ ಮೂರನೆಯ ಪುಟ ಯಂತ್ರಕ್ಕೆ ಏರಿತು. ಕಾಲಿನಲ್ಲಿ ತುಳಿಯುವ ಟ್ರೆಡಲ್ ಯಂತ್ರ ಅದು. ನನ್ನ ಕಂಪೋಸಿಟರ್, ಪಿರಿಯಾಪಟ್ಟಣದ ಕಡೆಯವನು, ಮೊಳೆಯನ್ನೂ ಅವನೇ ಜೋಡಿಸುತ್ತಿದ್ದ, ಯಂತ್ರವನ್ನೂ ಅವನೇ ತುಳಿಯುತ್ತಿದ್ದ. ಒಂದು ಹಿಡಿ ಪ್ರತಿ ಬಿದ್ದ ಮೇಲೆ ಕಾಲಿನ ವೇಗ ತಗ್ಗಿಸಿ ನನ್ನ ಕಡೆ ತಿರುಗಿದ.

"ನಿಲ್ಲುಸ್ಲಾ ಸಾರ್?"

ಪಕ್ಕದ ಗ್ಯಾಲಿ ತಟ್ಟೆಯಲ್ಲಿ ಮನೆಮದ್ದಿನ ಮೊಳೆ ಜೋಡಿಸಿ ಸಿದ್ಧವಾಗಿತ್ತು. ನಾನು ಒದ್ದೆ ಪ್ರತಿಯೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ವರ್ಷವಿಡೀ ಕೆಂಪು ಪೆನ್ಸಿಲು ತಿಂದು ನನಗೆ ಅಜೀರ್ಣವಾಗಿತ್ತು. ನಾನು ಬರೆದದ್ದನ್ನು ಹೊಡೆಯಲಿಕ್ಕೆ ಬಿಡದವರು ಈಗ ತಾವು ಬರೆದದ್ದನ್ನೇ ಹೊಡೆಯಬೇಡ ಎನ್ನುತ್ತಿದ್ದಾರೆ. ಇದಕ್ಕೂ ತಲೆಯಾಡಿಸಿದರೆ ನಾನು ಅಂಗಡಿ ಮುಚ್ಚಿ ಹಪ್ಪಳ ಮಾರುವುದು ಮೇಲು ಅನ್ನಿಸಿತು.

"ತುಳಿ" ಎಂದೆ.

"ಸಾರ್, ಮುಖಂಡ್ರು..."

"ತುಳಿಯಯ್ಯಾ ಸುಮ್ನೆ."

ಎಲ್ಲ ಪ್ರತಿಗಳಲ್ಲೂ ನೋಟೀಸು ಹೋಯಿತು. ಧೈರ್ಯದ ಕೆಲಸ ಎಂದು ಯಾರಾದರೂ ಹೊಗಳಿದರೆ ನಗು ಬರುತ್ತದೆ. ಯಂತ್ರ ನಿಲ್ಲಿಸಲಿಲ್ಲ, ಅಷ್ಟೇ.

ಶನಿವಾರ ಮುಖಂಡರೇ ಬಂದರು. ಬೆಳ್ಳಗಿನ ಪಂಚೆ, ಬಾಯಿ ತುಂಬ ಎಲೆಅಡಿಕೆ, ಯಾರನ್ನು ಕಂಡರೂ ಮನೆಮಂದಿಯ ಸುಖದುಃಖ ಕೇಳುವ ಮನುಷ್ಯ. ಈ ನಾಲ್ಕು ತಾಲ್ಲೂಕಿನಲ್ಲಿ ಅವರು ಗದರಿಸಿದ್ದನ್ನು ಕಂಡವರಿಲ್ಲ. ಬೆಂಚಿನ ಮೇಲೆ ಕೂತು ನನ್ನ ಹೆಂಡತಿಯ ಮೊಣಕಾಲು ನೋವು ಹೇಗಿದೆ ಎಂದು ಕೇಳಿದರು. ಆಮೇಲೆ ಯಂತ್ರದ ಕಡೆ ನೋಡಿದರು.

"ಎಡಿಟ್ರೇ, ಮಿಷನ್ ನಿಲ್ಸೋದು ಮರ್ತ್ರಂತೆ?"

"ಮರೀಲಿಲ್ಲ ಸ್ವಾಮಿ. ಸರ್ಕಾರದ ನೋಟೀಸು, ಎಲ್ರಿಗೂ ಹೋಗ್ಲಿ ಅಂತ ಬುಟ್ಟೆ."

"ಒಳ್ಳೇದು ಮಾಡಿದ್ರಿ ಬುಡಿ. ಓದಿದವ್ರು ಬಂದು ಯೋಳ್ಕೋತಾರೆ. ಓದ್ಬೇಕಲ್ಲ?" ಎಂದು ನಕ್ಕು ಎದ್ದರು. ಬಾಗಿಲಲ್ಲಿ ನಿಂತು, "ಮೈಸೂರು ಜೈಲ್ನಲ್ಲಿ ಪೇಪರ್‌ನೋರು ಬೋ ಜನ ಅವ್ರಂತೆ ಕಣ್ರೀ. ಅನ್ನ ಸರಿ ಬೇಯಿಸೋದಿಲ್ವಂತೆ, ಪಾಪ" ಎಂದರು. ಅವರ ದನಿಯಲ್ಲಿ ನಿಜವಾದ ಮರುಕವೇ ಇತ್ತು.

ಆದರೆ ಓದಬೇಕಲ್ಲ ಎಂದು ಅವರು ಹೇಳಿದ್ದು ಸರಿಯಾಗಿತ್ತು. ಹಾಡಿಯಲ್ಲಿ ಓದುವವರಿರಲಿಲ್ಲ. ನನ್ನ ಪತ್ರಿಕೆ ವೀರನಹೊಸಹಳ್ಳಿಯ ಟೀ ಅಂಗಡಿಯವರೆಗೆ ಹೋಗುತ್ತಿತ್ತು, ಅಲ್ಲಿಂದ ಮುಂದೆ ಬೋಂಡ ಕಟ್ಟಿಕೊಂಡು ಹೋದರೆ ಹೋದಂತೆ. ಭಾನುವಾರ ಒಂದು ಪ್ರತಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ. ಊರಲ್ಲಿ ಇಳಿದು ನಡೆಯುವ ಹೊತ್ತಿಗೆ ಅರಣ್ಯ ಇಲಾಖೆಯ ಜೀಪೊಂದು ನನ್ನನ್ನು ದಾಟಿ ಮುಂದೆ ಹೋಯಿತು. ನಾನು ಹಾಡಿ ಮುಟ್ಟಿದಾಗ ಅಲ್ಲಿ ನರಪಿಳ್ಳೆ ಇರಲಿಲ್ಲ. ಗುಡಿಸಲುಗಳ ತಡಿಕೆ ಬಾಗಿಲು ತೆರೆದೇ ಇತ್ತು. ಒಂದು ಜಗುಲಿಯ ಮೇಲೆ ಮುದುಕಿಯೊಬ್ಬಳು ಮಾತ್ರ ಕಾಲು ನೀಡಿ ಕೂತಿದ್ದಳು.

"ಎಲ್ಲರೂ ಎಲ್ಲಿ ಅಜ್ಜಿ?"

"ಬತ್ತಾರೆ ಕೂತ್ಕೋ. ಒಗೆಸೊಪ್ಪು ಇದ್ರೆ ಕೊಡು."

ಹೊಗೆಸೊಪ್ಪು ಇರಲಿಲ್ಲ, ಹುಣಸೂರಿನಿಂದ ಹೊಗೆಸೊಪ್ಪಿಲ್ಲದೆ ಬಂದವನು ಎಂಥ ಗಂಡಸು ಎಂಬಂತೆ ನನ್ನನ್ನು ನೋಡಿದಳು. ಜೀಪು ಹಿಂತಿರುಗಿ ಹೋದ ಸದ್ದು ಕೇಳಿ ಎಷ್ಟೋ ಹೊತ್ತಿನ ಮೇಲೆ ಮರಗಳ ನಡುವಿನಿಂದ ಒಬ್ಬೊಬ್ಬರೇ ಬಂದರು. ಹಾಡಿಯ ಯಜಮಾನ ನಡುವಯಸ್ಸಿನವನು, ಮುದುಕಿಗೆ ತಂಗಿಯ ಮಗ. ನಗುತ್ತಲೇ ಹೇಳಿದ:

"ಜೀಪಿನ ಸದ್ದು ಕೇಳಿದ್ರೆ ಕಾಡಿಗೆ ಓಗ್ಬುಡ್ತೀವಿ ಸಾಮಿ. ಅದು ಓದ್ಮೇಲೆ ಬತ್ತೀವಿ. ನಮ್ಮಪ್ಪನ ಕಾಲ್ದಲ್ಲಿ ಬಿಟ್ಟಿ ಕೆಲ್ಸಕ್ಕೆ ಇಡ್ಕೊಂಡೋಗೋರು. ಆವತ್ತಿಂದ ಅಂಗೇಯ. ದೊಡ್ಡವ್ವಂಗೆ ಮಂಡಿ ಬರಾಕಿಲ್ಲ, ಅದ್ಕೇ ಬುಟ್ಟೋಯ್ತೀವಿ."

ನೋಟೀಸು ಓದಿ ಹೇಳಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಮುಗಿದ ಮೇಲೆ ಯಜಮಾನ ಕೇಳಿದ, "ಇದ್ರಲ್ಲಿ ನಮ್ ಎಸ್ರು ಅದಾ ಸಾಮಿ?"

"ಇಲ್ಲ."

"ನಮ್ ಎಸ್ರಿಲ್ಲ ಅಂದ್ಮೇಲೆ ನಮ್ಗಲ್ಲ ಬುಡಿ."

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹೆಸರಿಲ್ಲದ್ದೇ ಅಪಾಯ ಎಂದು ಹೇಗೆ ಹೇಳುವುದು? ಕೊನೆಗೆ ಚಕ್ಕುಬಂದಿಯನ್ನೇ ಹಿಡಿದೆ. ಸರ್ವೆ ನಂಬರು ಬಿಟ್ಟು ದಿಕ್ಕು ಮಾತ್ರ ಓದಿದೆ. ಮೂಡಲಿಗೆ ಹಳ್ಳ ಎಂದಾಗ ಯಜಮಾನ ಕೈ ಎತ್ತಿ ಹಳ್ಳ ತೋರಿಸಿದ. ಪಡುವಲಿಗೆ ಕಾಡಿನ ಗಡಿಕಲ್ಲು. ಹುಡುಗಾಟಕ್ಕೆ ಎಂಬಂತೆ ಅದನ್ನೂ ತೋರಿಸಿದ. ಬಡಗಲಿಗೆ ಬಂಡಿ ಜಾಡು. ತೆಂಕಲಿಗೆ ಕಲ್ಲುಬಂಡೆ ಸಾಲು. ನಾಲ್ಕೂ ದಿಕ್ಕು ತೋರಿಸಿದ ಕೈ ಕೆಳಗಿಳಿಯಿತು. ಅವನು ಸುತ್ತಲೂ ನೋಡಿದ. ನಗು ಹೋಗಿತ್ತು.

"ನಮ್ಮವ್ವನ್ನ ಮಣ್ ಮಾಡಿರೋದೂ ಇದ್ರೊಳ್ಗೇಯ" ಎಂದ.

ಮುಂದಿನ ವಾರ ಅವರು ಐದಾರು ಮಂದಿ ಹುಣಸೂರಿಗೆ ಬಂದರು. ನನ್ನ ಪ್ರೆಸ್ಸಿನಲ್ಲೇ ಕೂತು ಅರ್ಜಿ ಬರೆದು, ಎಲ್ಲರಿಂದಲೂ ಹೆಬ್ಬೆಟ್ಟು ಒತ್ತಿಸಿದೆ. ವಿಚಾರಣೆಗೆ ನೇಮಕವಾಗಿದ್ದ ಅಧಿಕಾರಿಯನ್ನು ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು. ಕೆಟ್ಟವರಲ್ಲ. ಮಕ್ಕಳ ಓದಿಗೆ ಮೈಸೂರಿಗೆ ವರ್ಗ ಸಿಗಲಿ ಎಂದು ಕಾಯುತ್ತಿದ್ದವರು, ಯಾರ ಜತೆಗೂ ಜಗಳ ಬೇಡದವರು. ಕಚೇರಿಯಲ್ಲಿ ಅರ್ಜಿ ನೋಡಿ, ದಾಖಲೆ ಏನಿದೆ ಎಂದು ಕೇಳಿದರು. ಯಜಮಾನ ಗೋರಿಗಳ ಗುಂಡುಕಲ್ಲು, ದೇವರ ಕಲ್ಲು, ಹಲಸಿನ ಮರ ಎಂದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

"ಕಾಗದ ಇಲ್ಲ ಅಂದ್ರೆ ಒಂದೇ ದಾರಿ. ನಾನೇ ಬಂದು ಸ್ಥಳ ನೋಡ್ತೀನಿ. ಅಲ್ಲಿ ವಾಸ ಇರೋರು ಆವತ್ತು ಅಲ್ಲಿರಬೇಕು. ಇದ್ದವರ ಹೆಸರು ಬರ್ಕೋತೀನಿ. ಇಲ್ಲದವರದ್ದು ಬರೆಯೋಕೆ ಆಗೋದಿಲ್ಲ."

ದಿನ ಗೊತ್ತಾಯಿತು. ಹೊರಗೆ ಬಂದ ಮೇಲೆ ಯಜಮಾನನನ್ನು ನಿಲ್ಲಿಸಿ ಹೇಳಿದೆ: "ಆವತ್ತು ಜೀಪ್ ಬತ್ತದೆ. ಓಡಬಾರದು."

"ಓಡಾಕಿಲ್ಲ ಸಾಮಿ."

"ನಾನೂ ಇರ್ತೀನಿ. ಯಾರೂ ಹಿಡ್ಕೊಂಡು ಹೋಗಲ್ಲ."

"ದೇವ್ರಾಣೆ ಓಡಾಕಿಲ್ಲ" ಎಂದು ತಲೆ ಮೇಲೆ ಕೈ ಇಟ್ಟುಕೊಂಡ. ಆ ಆಣೆಯನ್ನು ನಾನು ಪೂರ್ತಿ ನಂಬಿದೆ, ಅವನೂ ನಂಬಿದ್ದ. ಕಚೇರಿಯ ಮೆಟ್ಟಿಲ ಬಳಿ ಮುಖಂಡರ ಕಡೆಯವನು ಬೀಡಿ ಸೇದುತ್ತಾ ನಿಂತು ನಮ್ಮ ಮಾತೆಲ್ಲ ಕೇಳಿಸಿಕೊಳ್ಳುತ್ತಿದ್ದ. ಕೇಳಿಕೊಳ್ಳಲಿ ಎಂದುಕೊಂಡೆ.

ಆ ದಿನಗಳಲ್ಲಿ ಹಳ್ಳಿಗಳ ಮೇಲೆ ಇನ್ನೊಂದು ಭಯ ಕವಿದಿತ್ತು. ಕುಟುಂಬ ಯೋಜನೆಯ ಆಪರೇಷನ್ನು. ಅಲ್ಲಿ ಬಸ್ಸಿಳಿಸಿ ಕರೆದುಕೊಂಡು ಹೋದರಂತೆ, ಇಲ್ಲಿ ಸಂತೆಯಿಂದ ಎತ್ತಿಕೊಂಡು ಹೋದರಂತೆ ಎಂಬ ಮಾತು ಚುಂಚನಕಟ್ಟೆಯ ಗದ್ದೆ ಬಯಲಿನಿಂದ ಹೆಗ್ಗಡದೇವನಕೋಟೆಯ ಕಾಡಿನವರೆಗೆ ಓಡಾಡುತ್ತಿತ್ತು. ಯಾವುದು ನಿಜ, ಯಾವುದು ಸುಳ್ಳು ಎಂದು ವಿಚಾರಿಸಿ ಬರೆಯುವುದು ನನ್ನ ಕೆಲಸವಾಗಿತ್ತು. ಬರೆಯುವಂತಿರಲಿಲ್ಲ. ಪತ್ರಿಕೆ ಬಾಯಿ ಮುಚ್ಚಿದ್ದರಿಂದ ಜನ ಕಿವಿಗೆ ಬಿದ್ದದ್ದನ್ನೆಲ್ಲ ನಂಬತೊಡಗಿದ್ದರು.

ಸ್ಥಳ ತನಿಖೆಯ ದಿನ ನಾನು ಮೊದಲನೇ ಬಸ್ಸಿಗೇ ಹೋದೆ. ವೀರನಹೊಸಹಳ್ಳಿಯಲ್ಲಿ ಇಳಿದು ಹಾಡಿಯ ದಾರಿ ಹಿಡಿದಿದ್ದೆ. ಎದುರಿನಿಂದ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂತು. ನೆತ್ತಿಯ ಮೇಲೆ ಮೈಕಿನ ಹಾರ್ನು ಕಟ್ಟಿತ್ತು. ಒಳಗಿದ್ದವನು ಮಾತು ಮುಗಿಸಿ ವೈರು ಸುತ್ತುತ್ತಿದ್ದ. ನನ್ನನ್ನು ಕಂಡು ಮುಖ ಆ ಕಡೆ ತಿರುಗಿಸಿದ. ಕಚೇರಿಯ ಮೆಟ್ಟಿಲ ಬಳಿ ಬೀಡಿ ಸೇದುತ್ತಿದ್ದವನು ಅವನೇ. ಉಳಿದ ದಾರಿಯನ್ನು ಓಡುತ್ತಲೇ ಹೋದೆ.

ಹಾಡಿ ಖಾಲಿಯಾಗಿತ್ತು. ಒಲೆಗಳಲ್ಲಿ ಬೆಂಕಿ ಹಾಗೇ ಇತ್ತು. ಒಂದು ಗುಡಿಸಲಲ್ಲಿ ರಾಗಿಹಿಟ್ಟಿನ ಮಡಕೆ ತಳ ಹತ್ತಿ ಕಮಟು ವಾಸನೆ ಬರುತ್ತಿತ್ತು. ಅಂಗಳದಲ್ಲಿ ತೊಳೆದ ಬಟ್ಟೆಗಳನ್ನು ಮಡಿಚಿಟ್ಟಿದ್ದರು. ಸಾಹೇಬರು ಬರುತ್ತಾರೆಂದು ಉಟ್ಟುಕೊಳ್ಳಲು ತೆಗೆದಿಟ್ಟಿದ್ದು. ನೆಲವನ್ನು ಸಗಣಿ ಹಾಕಿ ಸಾರಿಸಿದ್ದರು, ಅದಿನ್ನೂ ಆರಿರಲಿಲ್ಲ. ಅದರ ಮೇಲೆ ಓಡಿದ ಹೆಜ್ಜೆಗಳಿದ್ದವು.

ಮುದುಕಿ ಜಗುಲಿಯ ಮೇಲೆ ಅಲ್ಲೇ ಇದ್ದಳು.

"ಏನಾಯ್ತಜ್ಜಿ?"

"ಮೈಕು ಬಂತು ಕಣಪ್ಪಾ. ಇವತ್ತು ಆಪ್ರೇಸನ್ ಅದಂತೆ, ಗಂಡಸ್ರೆಲ್ಲ ಇಸ್ಕೂಲ್ತಾವ ಬರ್ಬೇಕಂತೆ, ಬರ್ದೆ ಇದ್ರೆ ಜೀಪಲ್ಲಿ ಬಂದು ಎತ್ತಾಕ್ಕೊಂಡೋಗ್ತೀವಿ ಅಂದ್ರು. ಸರ್ಕಾರದ ಅಪ್ಪಣೆ ಅಂದ್ರು. ಓಡುದ್ರು."

"ಹೆಂಗಸ್ರು?"

"ಗಂಡಸ್ರು ಸಿಗ್ನಿಲ್ಲ ಅಂದ್ರೆ ಎಂಗಸ್ರ ಬುಟ್ಟಾರಾ? ಅವ್ರೂ ಓದ್ರು." ಆಮೇಲೆ ತಾನೇ ನಕ್ಕಳು. "ನನ್ನ ಕುಯ್ದು ಏನ್ ಸಿಕ್ಕದು ಅಂತ ನಾನ್ ಕೂತೆ."

ಕಾಡಿನ ಅಂಚಿಗೆ ಹೋಗಿ ಯಜಮಾನನ ಹೆಸರು ಹಿಡಿದು ಕೂಗಿದೆ. ಸುಳ್ಳು, ಆಪರೇಷನ್ನು ಇಲ್ಲ, ಬನ್ನಿ ಎಂದು ಗಂಟಲು ಹರಿಯುವ ಹಾಗೆ ಕೂಗಿದೆ. ಒಂದು ಎಲೆಯೂ ಅಲ್ಲಾಡಲಿಲ್ಲ. ಅವರು ಹತ್ತಿರದಲ್ಲೇ ಇದ್ದು ಕೇಳಿಸಿಕೊಳ್ಳುತ್ತಿದ್ದಾರೆ ಎಂದೂ ಅನ್ನಿಸಿತು, ನಾನೂ ಆ ಬಲೆಯ ಒಂದು ತುದಿ ಹಿಡಿದವನೆಂದು ತಿಳಿದಿರಬಹುದು ಎಂದೂ ಅನ್ನಿಸಿತು. ಬನ್ನಿ ಬನ್ನಿ ಎಂದು ಕರೆದು ಹಿಡಿಸುವವರೇ ಹೆಚ್ಚಾಗಿದ್ದ ಕಾಲ. ಅಷ್ಟರಲ್ಲಿ ಸಾಹೇಬರ ಜೀಪಿನ ಸದ್ದು ಕೇಳಿತು. ಇನ್ನು ಕೂಗಿ ಫಲವಿಲ್ಲವೆಂದು ಹಿಂದಕ್ಕೆ ಬಂದೆ.

ಸಾಹೇಬರು, ಒಬ್ಬ ಗುಮಾಸ್ತ, ಒಬ್ಬ ಪೊಲೀಸು, ಜತೆಗೆ ಮುಖಂಡರು. ಮುಖಂಡರು ಇಳಿದವರೇ ಅಂಗಳದ ಮಧ್ಯೆ ನಿಂತು ಸುತ್ತ ನೋಡಿದರು.

"ನೋಡಿ ಸಾಹೇಬ್ರೆ. ಜೇನು ಕೀಳೋ ಕಾಲ್ದಲ್ಲಿ ಬತ್ತಾರೆ, ಗುಡ್ಲು ಆಕ್ತಾರೆ, ಓಯ್ತಾರೆ. ನಿಂತು ಬಾಳೋ ಜನ ಅಲ್ಲ."

"ಮೈಕು ಹಾಕಿ ಓಡಿಸಿದ್ದಾರೆ ಸಾರ್" ಎಂದೆ. "ಈಗ ತಾನೇ ಜೀಪು ಹೋಯ್ತು. ನಾನೇ ನೋಡಿದೆ. ಒಲೇಲಿ ಬೆಂಕಿ ಇದೆ, ಬನ್ನಿ ತೋರಿಸ್ತೀನಿ."

"ಕುಟುಂಬ ಯೋಜ್ನೆ ಪ್ರಚಾರ ಮಾಡೋದು ತಪ್ಪು ಅಂತೀರಾ ಎಡಿಟ್ರೇ?" ಮುಖಂಡರು ಮೆಲ್ಲಗೆ ಕೇಳಿದರು. ಪೊಲೀಸಿನವನು ನನ್ನ ಕಡೆ ನೋಡಿದ. ಆ ಪ್ರಶ್ನೆಗೆ ಆಗಿನ ದಿನದಲ್ಲಿ ಬಾಯಿ ತೆರೆದು ಉತ್ತರ ಕೊಟ್ಟವರು ಊಟಕ್ಕೆ ಮನೆಗೆ ಬರುತ್ತಿದ್ದರೆಂಬ ಖಾತ್ರಿಯಿರಲಿಲ್ಲ.

ಸಾಹೇಬರು ಒಲೆಗಳನ್ನು ನೋಡಿದರು. ಸಾರಿಸಿದ ನೆಲವನ್ನೂ ಹೆಜ್ಜೆಗಳನ್ನೂ ನೋಡಿದರು. ಎಲ್ಲವೂ ಅವರಿಗೆ ಅರ್ಥವಾಯಿತು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಆದರೂ ಗುಮಾಸ್ತನಿಂದ ಮಹಜರು ಬರೆಸತೊಡಗಿದರು. ಇಂಥ ದಿನ ಇಂಥ ಸ್ಥಳಕ್ಕೆ ಖುದ್ದು ಹೋಗಿ ನೋಡಲಾಗಿ, ಕೆಲವು ಹುಲ್ಲಿನ ಗುಡಿಸಲುಗಳಿದ್ದು, ಸ್ಥಳದಲ್ಲಿ ಯಾರೂ ಹಾಜರಿರುವುದಿಲ್ಲ. ಕಾಡಿನ ಕಡೆಯಿಂದ ಒಂದು ಮಗು ಅತ್ತ ಸದ್ದು ಕೇಳಿಸಿ ತಟ್ಟನೆ ನಿಂತುಹೋಯಿತು, ಯಾರೋ ಬಾಯಿ ಮುಚ್ಚಿದಂತೆ. ಗುಮಾಸ್ತನ ಲೇಖನಿಯೂ ಒಂದು ಗಳಿಗೆ ನಿಂತಿತು. ಆಮೇಲೆ ಬರೆದ.

ಮಹಜರಿಗೆ ಸ್ಥಳದಲ್ಲಿದ್ದ ಗೌರವಸ್ಥರಿಬ್ಬರ ರುಜು ಬೇಕು. ಒಂದನ್ನು ಮುಖಂಡರು ಹಾಕಿದರು. ಇನ್ನೊಂದಕ್ಕೆ ಸಾಹೇಬರು ನನ್ನ ಕಡೆ ತಿರುಗಿದರು. ನೋಟೀಸು ಪ್ರಕಟಿಸಿದ ಪತ್ರಿಕೆಯವನದೇ ರುಜು ಇದ್ದರೆ ನಾಳೆ ಯಾರೂ ಸೊಲ್ಲೆತ್ತುವುದಿಲ್ಲ, ಅದು ಲೆಕ್ಕಾಚಾರ.

"ಆಕ್ಲಿ ಆಕ್ಲಿ, ಎಡಿಟ್ರು ಸುಳ್ಳಿಗೆ ಸೈನ್ ಆಕೋರಲ್ಲ" ಎಂದರು ಮುಖಂಡರು. "ಇದ್ರಲ್ಲಿ ಸುಳ್ಳೇನದೆ?"

ಕಾಗದ ನನ್ನ ಕೈಯಲ್ಲಿತ್ತು. ಹರಿದು ಎಸೆದು ಹೋಗಬೇಕೆಂಬಷ್ಟು ಸಿಟ್ಟು ಬಂದಿತ್ತು. ಹರಿದರೆ ಏನಾಗುತ್ತದೆಂದೂ ಗೊತ್ತಿತ್ತು. ಟೀ ಅಂಗಡಿಯವನನ್ನು ಕರೆಸಿ ರುಜು ಹಾಕಿಸಿಕೊಳ್ಳುತ್ತಾರೆ, ನಾನು ಪೊಲೀಸಿನವನ ಜತೆ ಹೋಗುತ್ತೇನೆ, ಹಾಡಿಗೆ ಅದರಿಂದ ಏನೂ ಉಳಿಯುವುದಿಲ್ಲ. ರುಜು ಹಾಕಿದರಂತೂ ಮುಗಿದೇಹೋಯಿತು. ಅತ್ತ ದರಿ ಇತ್ತ ಪುಲಿ. ಆಗ ಜಗುಲಿಯ ಮೇಲೆ ಮುದುಕಿ ಕೆಮ್ಮಿದಳು.

"ಇಲ್ಲಿ ಒಬ್ಬಳು ಇದಾಳೆ ಸಾರ್" ಎಂದೆ. "ಅದನ್ನ ಬರೆಸಿದ್ರೆ ರುಜು ಹಾಕ್ತೀನಿ. ಇಲ್ಲದಿದ್ರೆ ಇಲ್ಲ."

"ಕಾಲ್ ಬರ್ದಿರೋ ಮುದ್ಕೀನ ಬರ್ದು ಏನ್ ಮಾಡ್ತೀರಾ?" ಮುಖಂಡರು ಮೊದಲ ಸಲ ದನಿ ಸ್ವಲ್ಪ ಏರಿಸಿದರು.

"ಕಾಲು ಬರುವವರ ಹೆಸರು ಮಾತ್ರ ಬರೆಯಬೇಕು ಅಂತ ಸಾಹೇಬರು ಹೇಳಿರಲಿಲ್ಲ. ಇದ್ದವರ ಹೆಸರು ಬರ್ಕೋತೀನಿ ಅಂದಿದ್ರು. ನಾನು ಕೇಳಿಸ್ಕೊಂಡಿದೀನಿ."

ಸಾಹೇಬರು ಮುಖಂಡರ ಮುಖ ನೋಡದೆ ನೇರ ಜಗುಲಿಯ ಬಳಿ ಹೋಗಿ ಕುಕ್ಕರಗಾಲಲ್ಲಿ ಕೂತು ಮುದುಕಿಯ ಹೆಸರು ಕೇಳಿದರು. ಅವಳು ಹೇಳಿದಳು.

"ಎಷ್ಟು ವರ್ಷದಿಂದ ಇಲ್ಲಿದ್ದೀಯಮ್ಮಾ?"

"ನಾ ಉಟ್ಟಿದ್ದು ಅಗೋ ಆ ಅಲಸಿನ ಮರದ್ತಾವ ಬುದ್ದಿ. ಆಗ ಅದು ನನ್ನಷ್ಟೇ ಇತ್ತಂತೆ."

ಯಾರೂ ಹಾಜರಿಲ್ಲ ಎಂಬ ಸಾಲಿಗೆ ಈಕೆಯ ಹೊರತು ಎಂದು ಸೇರಿಸಿದರು. ಒಲೆಯ ಬೆಂಕಿಯನ್ನೂ ಬರೆಯಿರಿ ಎಂದೆ. "ಸಾಕು ಕಣಯ್ಯಾ, ಬಿಡು. ನನಗೂ ಹೆಂಡ್ತಿ ಮಕ್ಕಳಿದ್ದಾರೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದರು. ಮುದುಕಿ ಹೆಬ್ಬೆಟ್ಟು ಒತ್ತಿದಳು, ನಾನು ರುಜು ಹಾಕಿದೆ.

ಬಿಸಿಲು ಇಳಿದ ಮೇಲೆ ಅವರು ಕಾಡಿನಿಂದ ಬಂದರು. ಯಜಮಾನ ನನ್ನ ಮುಖ ನೋಡಲಿಲ್ಲ. ಆಣೆ ಇಟ್ಟ ತಲೆಯನ್ನು ಬಗ್ಗಿಸಿಕೊಂಡು ಕೂತ. ಆಪರೇಷನ್ನೂ ಇರಲಿಲ್ಲ, ಶಾಲೆಯ ಬಳಿ ಯಾರೂ ಬಂದೂ ಇರಲಿಲ್ಲ ಎಂದು ಹೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಅಷ್ಟು ಹೇಳಿದ್ದೆನಲ್ಲ ಎಂಬ ಸಿಟ್ಟು. ಅವನು ಕೇಳಿದ:

"ನೀವ್ ಪೇಪರ್ ಓದಿ ಸರ್ಕಾರದ ಮಾತು ಅಂದ್ರಿ, ನಂಬುದ್ವಿ. ಮೈಕ್ನೋರೂ ಸರ್ಕಾರದ ಮಾತು ಅಂದ್ರು. ಯಾವ್ದು ನಂಬ್ಬೇಕು, ಯಾವ್ದು ಬುಡ್ಬೇಕು ಅಂತ ನಮ್ಗೆಂಗ್ ಗೊತ್ತಾಗ್ಬೇಕು ಸಾಮಿ?"

ನನ್ನ ಸಿಟ್ಟು ಇಳಿಯಿತು.

ಆ ವಾರ ಕಂಡದ್ದನ್ನು ಕಂಡ ಹಾಗೆ ಬರೆದೆ. ಮೈಕಿನ ಜೀಪು, ಉರಿಯುತ್ತಿದ್ದ ಒಲೆ, ಮಗುವಿನ ಅಳು. ಯಾರ ಹೆಸರನ್ನೂ ಹಾಕಲಿಲ್ಲ, ಒಂದು ವಿಶೇಷಣವನ್ನೂ ಹಾಕಲಿಲ್ಲ. ಕರಡು ಸಂಜೆ ಬಸ್ಸಿಗೆ ಮೈಸೂರಿನಿಂದ ವಾಪಸು ಬಂದಾಗ ಇಡೀ ಅಂಕಣಕ್ಕೆ ಅಡ್ಡಲಾಗಿ ಕೆಂಪು ಗೀಟು ಇತ್ತು. ಜಾಗ ಖಾಲಿ ಬಿಡುವ ಹಾಗಿಲ್ಲ ಎಂದೂ ಬದಿಯಲ್ಲಿ ಬರೆದಿದ್ದರು. ಕಂಪೋಸಿಟರ್ ಏನೂ ಕೇಳದೆ ಅಲ್ಲಿಗೆ ಬೀಟ್‌ರೂಟಿನ ಗುಣಗಳನ್ನು ಜೋಡಿಸಿದ. ನಾನು ಹೊರಗೆ ಹೋಗಿ ಗಲ್ಲಿಯಲ್ಲಿ ನಿಂತು ಅತ್ತೆ.

ರಾಗಿ ಕೊಯ್ಲಿನ ಹೊತ್ತಿಗೆ ಆದೇಶ ಬಂತು. ಸ್ಥಳದಲ್ಲಿ ಹಾಜರಿದ್ದ ಹಕ್ಕುದಾರರು ಒಬ್ಬರೇ. ವಯೋವೃದ್ಧೆಯಾದ ಆಕೆಯ ಜೀವಿತ ಕಾಲದವರೆಗೆ ಜಮೀನಿನ ಸ್ವಾಧೀನಕ್ಕೂ, ಆಕೆಯನ್ನು ನೋಡಿಕೊಳ್ಳುವವರ ವಾಸಕ್ಕೂ ಅಡ್ಡಿಪಡಿಸತಕ್ಕದ್ದಲ್ಲ. ಆ ಬಳಿಕ ಜಮೀನು ಸಂಘಕ್ಕೆ ಸೇರತಕ್ಕದ್ದು. ಸಾಹೇಬರು ತಮ್ಮಿಂದಾದಷ್ಟು ಮಾಡಿದ್ದರು. ಆದೇಶಕ್ಕೆ ರುಜು ಹಾಕಿದ ಮೇಲೆ ಅವರಿಗೆ ವರ್ಗವೂ ಆಯಿತು, ಮೈಸೂರಿಗಲ್ಲ. ನಾನು ಆ ಕಾಗದವನ್ನು ಹಾಡಿಯಲ್ಲಿ ಓದಿ ಹೇಳಿದಾಗ ಮೊದಲು ಸಂತೋಷಪಟ್ಟರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಜಗುಲಿಯ ಕಡೆ ತಿರುಗಿದರು. ಮುದುಕಿ ತನ್ನ ಪಾಡಿಗೆ ಎಲೆ ಜಗಿಯುತ್ತಿದ್ದಳು.

ತುರ್ತುಪರಿಸ್ಥಿತಿ ಹೋಯಿತು. ಕೆಂಪು ಪೆನ್ಸಿಲಿನವರು ಹೋದರು. ಮುಖಂಡರು ಹೋಗಲಿಲ್ಲ, ಟೋಪಿ ಬದಲಿಸಿಕೊಂಡು ಅಲ್ಲೇ ಇದ್ದರು. ಆದೇಶವೂ ಇತ್ತು. ಈಗ ಬರೆಯಬಹುದಾಗಿತ್ತು, ಬರೆದೆ. ನಾಲ್ಕು ಜನ ಓದಿ ಪಾಪ ಎಂದರು. ಮೇಲಿನ ಕಚೇರಿಗೆ ಅರ್ಜಿ ಹಾಕಿಸಿದೆ. ಉಳಿದವರು ಸ್ಥಳದಲ್ಲಿ ಇರಲಿಲ್ಲವೆಂದು ದಾಖಲೆಯೇ ಇದೆಯಲ್ಲ, ಅದಕ್ಕೆ ನೀವೇ ರುಜು ಹಾಕಿದ್ದೀರಲ್ಲ ಎಂದರು ಅಲ್ಲಿಯವರು.

ಮರುವರ್ಷ ಮಳೆಗಾಲದಲ್ಲಿ ಹಾಡಿಗೆ ಹೋಗಿದ್ದೆ. ಹೊಗೆಸೊಪ್ಪು ಒಯ್ದಿದ್ದೆ. ಮುದುಕಿಯನ್ನು ಒಳಗೆ ಬೆಚ್ಚಗೆ ಮಲಗಿಸಿದ್ದರು. ಬೇರೆ ಗುಡಿಸಲುಗಳಲ್ಲಿ ಇಲ್ಲದ ಕಂಬಳಿ ಅವಳಿಗಿತ್ತು. ಇದ್ದಬದ್ದ ಜೇನು, ಮೊದಲ ಗಂಜಿ, ಎಲ್ಲ ಅವಳಿಗೇ. ಯಾರಾದರೊಬ್ಬರು ಹಗಲಿರುಳು ಪಕ್ಕದಲ್ಲಿರುತ್ತಿದ್ದರು. ಹೊಗೆಸೊಪ್ಪನ್ನು ಯಜಮಾನ ನನ್ನ ಕೈಯಿಂದ ತೆಗೆದುಕೊಂಡು ದೂರ ಇಟ್ಟ.

"ಕೆಮ್ಮು ಎಚ್ಚಾಗ್ತದೆ ಸಾಮಿ. ಬ್ಯಾಡ."

"ನೋಡಪ್ಪಾ" ಎಂದಳು ಮುದುಕಿ, ಕಂಬಳಿಯೊಳಗಿಂದ. "ನನ್ನ ವಾರ್ಗೆಯೋರೆಲ್ಲ ಓದ್ರು. ನಂಗೂ ಸಾಕಾಗದೆ. ಸಾಯ್ತೀನಿ ಅಂದ್ರೆ ಈ ಐಕ್ಳೆಲ್ಲ ಅಳ್ತವೆ. ಸಾಯಾಕೂ ಬುಡಾಕಿಲ್ಲ ಅಂತವೆ." ನಗುವುದಕ್ಕೆ ಹೋಗಿ ಕೆಮ್ಮು ಬಂತು. ಆ ಕೆಮ್ಮು ನಿಲ್ಲುವವರೆಗೆ ಗುಡಿಸಲಿನಲ್ಲಿ ಯಾರೂ ಉಸಿರಾಡಿದಂತೆ ಕಾಣಲಿಲ್ಲ.

ಹಿಂತಿರುಗುವಾಗ ಬಂಡಿ ಜಾಡಿನಲ್ಲಿ ಎದುರಿಗೆ ಜೀಪು ಬಂತು. ಯಾರೂ ಕಾಡಿಗೆ ಓಡಲಿಲ್ಲ. ಹಿಂದೆ ತಿರುಗಿ ನೋಡಿದರೆ ಎಲ್ಲರೂ ಆ ಒಂದು ಗುಡಿಸಲಿನ ಬಾಗಿಲಿಗೆ ಬಂದು ನಿಂತಿದ್ದರು. ಜೀಪು ನನ್ನ ಪಕ್ಕದಲ್ಲಿ ನಿಂತಿತು. ಮುಖಂಡರು ತಲೆ ಹೊರಗೆ ಹಾಕಿ ನನ್ನ ಹೆಂಡತಿಯ ಮೊಣಕಾಲು ವಿಚಾರಿಸಿದರು, ಪ್ರೆಸ್ಸು ಹೇಗೆ ನಡೆಯುತ್ತಿದೆ ಎಂದು ಕೇಳಿದರು. ಆಮೇಲೆ ಕೇಳಿದರು.

"ಅಜ್ಜಿ ಉಸಾರಾಗವ್ಳಾ?"

"ನಿಮಗಿಂತ ಗಟ್ಟಿಯಾಗವ್ಳೆ" ಎಂದೆ.

"ಇರ್ಲಿ ಬುಡಿ, ನೂರ್ ವರ್ಸ ಬಾಳ್ಲಿ" ಎಂದು ನಕ್ಕರು. ಅವರ ತೊಡೆಯ ಮೇಲೆ ಅಜ್ಜಿಗೆಂದು ತಂದ ಯಾವುದೋ ಟಾನಿಕ್ಕಿನ ಬಾಟಲಿ ಇತ್ತು. "ನಂಗೇನ್ ಆತ್ರ ಇಲ್ಲ ಕಣ್ರೀ" ಎಂದು ಹೇಳಿ, ಡ್ರೈವರನಿಗೆ ಹಾಡಿಯ ಕಡೆ ಹೊರಡು ಎಂದರು.